ರೋಗಿಗಿಂತ ಮೊದಲು ಹೊರಟ ಗೆರೆ

1905ರ ಮಾರ್ಚ್ 22. ಹಾಲೆಂಡಿನ ಲೈಡನ್ ಪಟ್ಟಣ. ಗಟ್ಟಿಮುಟ್ಟಾದ ವ್ಯಕ್ತಿಯೊಬ್ಬ ಪ್ರಯೋಗಾಲಯದಿಂದ ಸೈಕಲ್ ತುಳಿದುಕೊಂಡು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಬಂದ. ಅಲ್ಲಿ ಅವನ ಹೃದಯದ ವಿದ್ಯುತ್ತನ್ನು ಟೆಲಿಫೋನ್ ತಂತಿಗೆ ಹರಿಸಿದರು. ಅವನು ಬಿಟ್ಟುಬಂದ ಪ್ರಯೋಗಾಲಯದಲ್ಲೇ ಅದು ಗೆರೆಯಾಗಿ ಮೂಡಿತು. ಗೆರೆಯಲ್ಲಿ ಎದ್ದ ಎತ್ತರದ ಶಿಖರಗಳಿಗೆ ಸೈಕಲ್ ತುಳಿದದ್ದೇ ಕಾರಣವೆಂದು ತಿಳಿದರು.

ತಂತಿ ಎಳೆಯಬೇಕಾಗಿ ಬಂದದ್ದು ಯಂತ್ರ ಕದಲುವಂತಿರಲಿಲ್ಲವಾದ್ದರಿಂದ. ವಿಲೆಮ್ ಐಂಥೋವೆನ್ ಕಟ್ಟಿದ ಆ ಉಪಕರಣ ಸುಮಾರು 270 ಕೆ.ಜಿ. ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ಅದರ ಜೀವವೆಲ್ಲ ಅಯಸ್ಕಾಂತದ ನಡುವೆ ಬಿಗಿದ, ಬೆಳ್ಳಿ ಲೇಪಿಸಿದ ಸ್ಫಟಿಕದ ಎಳೆಯೊಂದರಲ್ಲಿತ್ತು. ರೋಗಿ ಎರಡು ಕೈ, ಎಡಗಾಲನ್ನು ಉಪ್ಪುನೀರಿನಲ್ಲಿ ಅದ್ದಿ ಕೂರಬೇಕು. ಗೆರೆಯ ಏರಿಳಿತಗಳನ್ನು ಪಿ, ಕ್ಯೂ, ಆರ್, ಎಸ್, ಟಿ ಎಂದು ಕರೆದವರೂ ಐಂಥೋವೆನ್ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಗೆರೆ ಸಿಕ್ಕಿತು, ಓದುವುದನ್ನು ಕಲಿಯಲು ದಶಕಗಳೇ ಹಿಡಿದವು. 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡಿ, ಹೃದಯಾಘಾತವಾದಾಗ ಎಸ್ ಮತ್ತು ಟಿ ನಡುವಿನ ಭಾಗ ಮೇಲೇಳುವುದನ್ನು ವಿವರಿಸಿದರು. 1938ರಲ್ಲಿ ಎದೆಯ ಮೇಲೆ, ಹೃದಯದ ವಿದ್ಯುತ್ತನ್ನು ಹಿಡಿಯುವ ಲೀಡ್ ಅಂಟಿಸುವ ಆರು ಜಾಗಗಳು ನಿಗದಿಯಾದವು. 1942ರಲ್ಲಿ ಇಮ್ಯಾನ್ಯುಯೆಲ್ ಗೋಲ್ಡ್‌ಬರ್ಗರ್ ಇನ್ನೂ ಮೂರು ಲೀಡ್ ಸೇರಿಸಿದ ಮೇಲೆ, ಐಂಥೋವೆನ್ ಅವರ ಕೈಕಾಲಿನ ಮೂರೂ ಕೂಡಿ ಇಂದಿನ ಹನ್ನೆರಡು ಲೀಡುಗಳ ಇ.ಸಿ.ಜಿ. ಪೂರ್ತಿಯಾಯಿತು.

ಎದೆನೋವೆಂದು ತುರ್ತು ಘಟಕಕ್ಕೆ ಬಂದವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ಆಗಬೇಕು, ಅದನ್ನು ವೈದ್ಯರು ನೋಡಬೇಕು ಎಂಬುದು ಈಗಿನ ನಿಯಮ.

'ಗ್ಯಾಸ್ಟ್ರಿಕ್ ಇರಬೇಕು' ಎನ್ನುತ್ತಲೇ ಬೆವರುತ್ತಾ ಬಂದ ಒಬ್ಬರ ಹಾಳೆಯನ್ನು ಹತ್ತಿರದಿಂದ ನೋಡೋಣ. ಎರಡು, ಮೂರು ಮತ್ತು ಎ.ವಿ.ಎಫ್. ಲೀಡುಗಳಲ್ಲಿ ಗೆರೆ ಎರಡು ಸಣ್ಣ ಚೌಕದಷ್ಟು ಮೇಲೆದ್ದಿದೆ, ಎ.ವಿ.ಎಲ್.ನಲ್ಲಿ ಕೆಳಗಿಳಿದಿದೆ. ಹೃದಯದ ತಳಭಾಗಕ್ಕೆ ರಕ್ತ ನಿಂತಿದೆ ಎಂದು ವೈದ್ಯರು ಊಹಿಸುತ್ತಾರೆ. ಅಷ್ಟಕ್ಕೇ ಬಿಡದೆ ಎದೆಯ ಬಲಬದಿಗೂ ಲೀಡ್ ಅಂಟಿಸುತ್ತಾರೆ. ಬಲ ಹೃತ್ಕುಕ್ಷಿಗೂ ಪೆಟ್ಟು ಬಿದ್ದಿದ್ದರೆ, ಎದೆನೋವಿಗೆಂದು ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯೇ ಬಿ.ಪಿ.ಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.

ಮೊದಲ ಹಾಳೆ ಸರಿಯಿದ್ದರೂ ಮನೆಗೆ ಕಳಿಸುವಂತಿಲ್ಲ. ನೋವು ನಿಲ್ಲದಿದ್ದರೆ ಮತ್ತೆ ಮತ್ತೆ ತೆಗೆಯಬೇಕು. ಮೇಲೇಳದ ಗೆರೆಯಲ್ಲೂ ಆಪತ್ತು ಅಡಗಿರುತ್ತದೆ: ಎಸ್.ಟಿ. ಭಾಗ ಕೆಳಗಿಳಿದು, ಅಲ್ಲಿಂದ ಮೇಲ್ಮುಖವಾಗಿ ಏರಿ, ಅದರ ಬೆನ್ನಿಗೇ ಟಿ ಅಲೆ ಎತ್ತರಕ್ಕೆ ಚಿಮ್ಮಿದ್ದರೆ ಹೃದಯದ ಮುಂಭಾಗದ ದೊಡ್ಡ ರಕ್ತನಾಳ ಮುಚ್ಚಿರಬಹುದೆಂದು 2008ರಲ್ಲಿ ಡಚ್ ವೈದ್ಯ ಡಿ ವಿಂಟರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಓದಬಲ್ಲವರು ದೂರವಿದ್ದರೆ? ಲೈಡನ್ನಿನ ಉಪಾಯವೇ ಕರ್ನಾಟಕದಲ್ಲಿ ಹೊಸ ರೂಪ ತಾಳಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇ.ಸಿ.ಜಿ. ಯಂತ್ರ ತಲುಪಿಸಿ, ವಾಟ್ಸ್‌ಆ್ಯಪ್ ಬಳಗದಲ್ಲಿ ಹಾಳೆಗಳನ್ನು ನೋಡಿ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದರು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳೊಂದಿಗೆ ಬೆಸೆದುಕೊಂಡಿವೆ. ಅಲ್ಲಿ ಗೆರೆ ಓದಿ ಹೃದಯಾಘಾತ ಖಚಿತವಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ರೋಗಿಯನ್ನು ಆಂಬುಲೆನ್ಸಿಗೆ ಹತ್ತಿಸುವುದು ಆಮೇಲೆ.