ಕಬ್ಬಿನ ಸಿಪ್ಪೆಯ ಕರೆಂಟು

ದೀಪಾವಳಿ ಮುಗಿದರೆ ಸಾಕು, ಭೀಮಾ ತೀರದ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳದೇ ಕಾರುಬಾರು. ಅಫಜಲಪುರ ತಾಲ್ಲೂಕಿನಲ್ಲಿ ಹವಳಗಾದ ಕಡೆ, ಆಳಂದದಲ್ಲಿ ಭೂಸನೂರಿನ ಕಡೆ, ಜೇವರ್ಗಿ ಸೀಮೆಯಲ್ಲಿ ಮಳ್ಳಿಯ ಕಡೆ ಹೊರೆ ಸಾಗುತ್ತಲೇ ಇರುತ್ತದೆ. ತೂಕದ ಸೇತುವೆಯ ಮುಂದೆ ರಾತ್ರಿಯಿಡೀ ಪಾಳಿ ಹಚ್ಚಿ ನಿಂತ ರೈತ ತನ್ನ ಕಬ್ಬು ಸಕ್ಕರೆಯಾಗುವುದನ್ನು ಬಲ್ಲ. ಅದೇ ಕಬ್ಬು ಕರೆಂಟಾಗುವ ಬಗೆಯನ್ನೂ ಅವನು ಅಷ್ಟೇ ಚೆನ್ನಾಗಿ ಬಲ್ಲವನಾಗಬೇಕು ಎಂಬುದು ನನ್ನ ಆಸೆ.

ಒಂದು ಟನ್ ಕಬ್ಬು ನುರಿಸಿದರೆ ಹೆಚ್ಚುಕಡಿಮೆ 300 ಕೆ.ಜಿ. ಸಿಪ್ಪೆ ಉಳಿಯುತ್ತದೆ. ಅದರ ತೂಕದಲ್ಲಿ ಅರ್ಧ ನೀರೇ ಇದ್ದರೂ ಬಾಯ್ಲರ್‌ನಲ್ಲಿ ಭರ್ಜರಿಯಾಗಿ ಉರಿಯುತ್ತದೆ. ಒಂದು ಕೆ.ಜಿ. ಸಿಪ್ಪೆಯಿಂದ ಎರಡು ಕೆ.ಜಿ.ಗೂ ಮಿಕ್ಕಿ ಉಗಿ ಏಳುತ್ತದೆ. ಹಳೆಯ ಕಾಲದ ಸಕ್ಕರೆ ಕಾರ್ಖಾನೆಗಳು ಕಡಿಮೆ ಒತ್ತಡದ ಬಾಯ್ಲರ್‌ಗಳಲ್ಲಿ ಇದನ್ನು ಸುಟ್ಟು, ತಮ್ಮ ಗಾಣ ತಿರುಗುವಷ್ಟು ಶಕ್ತಿ ಪಡೆದು ಸುಮ್ಮನಾಗುತ್ತಿದ್ದವು. ಈಗಿನ ಬಾಯ್ಲರ್‌ಗಳಲ್ಲಿ ಉಗಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ, ಒತ್ತಡವೂ ಹಲವು ಪಟ್ಟು ಹೆಚ್ಚು. ಮಾರುವಷ್ಟು ವಿದ್ಯುತ್ ಹುಟ್ಟುವುದು ಈ ಹೆಚ್ಚುವರಿ ಒತ್ತಡದಿಂದಲೇ.

ಆ ಉಗಿ ಸಣ್ಣ ಕಿಂಡಿಗಳಿಂದ ನುಗ್ಗಿ ಟರ್ಬೈನಿನ ಅಲಗುಗಳನ್ನು ತಳ್ಳುತ್ತದೆ. ಒಂದೇ ದಂಡಕ್ಕೆ ಸಾಲಾಗಿ ಚಕ್ರಗಳು. ಉಗಿ ಒಳಬರುವ ತುದಿಯಲ್ಲಿ ಬೆರಳುದ್ದದ ಅಲಗುಗಳು, ಮುಂದೆ ಹೋದಂತೆ ಉದ್ದುದ್ದ. ಒತ್ತಡ ಇಳಿದ ಹಾಗೆ ಉಗಿ ಹಿಗ್ಗುತ್ತದೆ, ಅದಕ್ಕೆ ಹೆಚ್ಚು ಜಾಗ ಬೇಕು. ಹೀಗೆ ಹಂತಹಂತವಾಗಿ ಉಗಿಯ ಬಲ ಹೀರುವ ಉಪಾಯವನ್ನು ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿ ತೋರಿಸಿದ. ಸಕ್ಕರೆ ಕಾರ್ಖಾನೆಯ ಟರ್ಬೈನಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಅರ್ಧ ಕೆಲಸ ಮುಗಿಸಿದ ಉಗಿಯನ್ನು ನಡುವೆಯೇ ಹೊರಸೆಳೆದು ಕಬ್ಬಿನ ಹಾಲು ಕುದಿಸಲು ಕಳಿಸುತ್ತಾರೆ. ಕಲ್ಲಿದ್ದಲ ಸ್ಥಾವರದಲ್ಲಿ ತಂಪುಗೋಪುರದ ಪಾಲಾಗುವ ಬಿಸಿ ಇಲ್ಲಿ ಸಕ್ಕರೆಯ ಕೆಲಸಕ್ಕೆ ಬರುತ್ತದೆ. ಒಂದೇ ಬೆಂಕಿಯಿಂದ ಎರಡು ಕೆಲಸವಾಗುವುದರಿಂದಲೇ ಇದಕ್ಕೆ ಸಹ ವಿದ್ಯುತ್ ಉತ್ಪಾದನೆ ಎಂಬ ಹೆಸರು.

ಟರ್ಬೈನ್ ಬರೀ ತಿರುಗುತ್ತದೆ, ಕರೆಂಟು ಮಾಡುವುದು ಅದಕ್ಕೆ ಜೋಡಿಸಿದ ಜನರೇಟರ್. ಅದರ ಒಳಗೆ ತಿರುಗುವ ರೋಟರ್ ಒಂದು ವಿದ್ಯುತ್ಕಾಂತ. ಸುತ್ತಲೂ ಕದಲದೆ ಕೂತ ತಾಮ್ರದ ಸುರುಳಿಗಳು. ಕಾಂತಬಲ ಬದಲಾಗುತ್ತಿದ್ದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆಂದು ಫ್ಯಾರಡೆ ಕಂಡದ್ದು 1831ರಲ್ಲಿ. 1902ರಲ್ಲಿ ಕಾವೇರಿಯ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ಶಿವನಸಮುದ್ರದಲ್ಲೂ ಇದೇ ತತ್ವ. ಅಲ್ಲಿ ತಳ್ಳಿದ್ದು ನೀರು, ಇಲ್ಲಿ ಉಗಿ.

ನನ್ನನ್ನು ಬಹಳವಾಗಿ ಸೆಳೆಯುವುದು ಜನರೇಟರನ್ನು ಗ್ರಿಡ್‌ಗೆ ಸೇರಿಸುವ ಗಳಿಗೆ. ಶಕ್ತಿನಗರದ ಕಲ್ಲಿದ್ದಲ ಘಟಕವಿರಲಿ, ಆಲಮಟ್ಟಿಯ ಜಲವಿದ್ಯುತ್ ಘಟಕವಿರಲಿ, ಗ್ರಿಡ್‌ಗೆ ಸೇರಿದ ಪ್ರತಿ ರೋಟರೂ ಸೆಕೆಂಡಿಗೆ 50 ಆವರ್ತದ ಒಂದೇ ಲಯ ಹಿಡಿದಿರಬೇಕು. ಎರಡು ಧ್ರುವದ ರೋಟರ್ ಆದರೆ ನಿಮಿಷಕ್ಕೆ 3000 ಸುತ್ತು, ನಾಲ್ಕು ಧ್ರುವದ್ದಾದರೆ 1500. ಕಂಟ್ರೋಲ್ ರೂಮಿನಲ್ಲಿ ಸಿಂಕ್ರೊಸ್ಕೋಪ್ ಎಂಬ ಮೀಟರಿನ ಮುಳ್ಳು ನಿಧಾನಕ್ಕೆ ಸುತ್ತುತ್ತಿರುತ್ತದೆ. ವೋಲ್ಟೇಜ್ ಹೊಂದಿ, ವೇಗ ಹೊಂದಿ, ಮುಳ್ಳು ನೆತ್ತಿಗೆ ಬಂದಾಗಲೇ ಬ್ರೇಕರ್ ಹಾಕಬೇಕು. ಹೊಂದಿಕೆ ತಪ್ಪಿ ಹಾಕಿದರೆ ಗ್ರಿಡ್ಡೇ ಆ ರೋಟರನ್ನು ಜಗ್ಗಿ ತನ್ನ ಲಯಕ್ಕೆ ಎಳೆಯುತ್ತದೆ. ದಂಡ ತಿರುಚಿಹೋಗುವಷ್ಟು ಬಲದ ಏಟು ಅದು.

ಸೇರಿದ ಮೇಲೆ ಹೊಲಕ್ಕೂ ಯಂತ್ರಕ್ಕೂ ನೇರ ನಂಟು. ತ್ರಿಫೇಸ್ ಬಂತೆಂದು ಭೀಮಾ ತೀರದ ಸೊನ್ನದ ಸುತ್ತಲ ರೈತರು ಒಟ್ಟಿಗೆ ಮೋಟಾರು ಚಾಲೂ ಮಾಡಿದರೆ ಜನರೇಟರಿನ ಸುರುಳಿಗಳಲ್ಲಿ ಹರಿಯುವ ಕರೆಂಟು ಹೆಚ್ಚುತ್ತದೆ. ಆ ಕರೆಂಟಿಗೂ ತನ್ನದೇ ಕಾಂತಬಲವಿದೆ, ಅದು ರೋಟರನ್ನು ಹಿಂದಕ್ಕೆ ಹಿಡಿಯುತ್ತದೆ. ಏರು ಹತ್ತುವ ಬಂಡಿಯ ಎತ್ತಿನಂತೆ ರೋಟರಿನ ಓಟ ಕೂದಲೆಳೆಯಷ್ಟು ಕುಗ್ಗುತ್ತದೆ. ಅದನ್ನು ಗ್ರಹಿಸಿದ ವೇಗ ನಿಯಂತ್ರಕ ಗವರ್ನರ್ ಉಗಿಯ ಕವಾಟವನ್ನು ಇನ್ನಷ್ಟು ತೆರೆಯುತ್ತದೆ, ಬಾಯ್ಲರ್ ಇನ್ನಷ್ಟು ಸಿಪ್ಪೆ ಬೇಡುತ್ತದೆ. ಪಂಪಿನ ಪ್ರತಿ ಯೂನಿಟ್‌ಗೂ ಎಲ್ಲೋ ಒಂದು ಕಡೆ ಅಷ್ಟು ಇಂಧನ ಉರಿಯಲೇಬೇಕು, ಇಲ್ಲವೇ ಅಷ್ಟು ನೀರು ಇಳಿಯಲೇಬೇಕು.

ಒಳ್ಳೆಯ ಬಾಯ್ಲರ್ ಇದ್ದರೆ ಒಂದು ಟನ್ ಕಬ್ಬಿನ ಸಿಪ್ಪೆಯಿಂದ ಸುಮಾರು 100 ಯೂನಿಟ್ ಬರುತ್ತದೆ. ಕಾರ್ಖಾನೆಯ ಖರ್ಚು ಕಳೆದರೂ ಅದರಲ್ಲಿ ದೊಡ್ಡ ಪಾಲು ಮಾರಾಟಕ್ಕೆ ಉಳಿಯುತ್ತದೆ. ರೈತನ ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸುವ ಕನಿಷ್ಠ ದರವಾದ ಎಫ್‌ಆರ್‌ಪಿ ಲೆಕ್ಕ ಹಾಕುವುದು ಸಕ್ಕರೆ ಇಳುವರಿಯ ಮೇಲೆ. ದರ ನಿಗದಿಯಲ್ಲಿ ಸಿಪ್ಪೆ, ಕಾಕಂಬಿಗಳ ಆದಾಯವನ್ನೂ ಗಮನಿಸಬೇಕೆಂದು ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಸಕ್ಕರೆ ಮತ್ತು ಇಂಥ ಉಪ ಉತ್ಪನ್ನಗಳ ಮೌಲ್ಯದಲ್ಲಿ ಶೇ 70ರಷ್ಟು ಬೆಳೆಗಾರನಿಗೆ ಸೇರಬೇಕೆಂದು 2012ರಲ್ಲಿ ಸಿ. ರಂಗರಾಜನ್ ಸಮಿತಿ ಶಿಫಾರಸು ಮಾಡಿತು. ಗ್ರಿಡ್‌ಗೆ ಹೋದ ಪ್ರತಿ ಯೂನಿಟ್ಟೂ ಮೀಟರಿನಲ್ಲಿ ದಾಖಲಾಗುತ್ತದೆ. ಹಂಗಾಮಿನ ಕೊನೆಗೆ ನುರಿಸಿದ ಟನ್ನುಗಳ ಲೆಕ್ಕದ ಪಕ್ಕದಲ್ಲೇ ಆ ಯೂನಿಟ್ಟುಗಳ ಲೆಕ್ಕವನ್ನೂ ಪ್ರತಿ ಕಾರ್ಖಾನೆ ರೈತರ ಮುಂದಿಡಬೇಕು. ಬೆಳೆಗಾರರ ಸಭೆಗಳಲ್ಲಿ ಬಾಕಿ ಬಿಲ್ಲಿನ ಜೊತೆಗೆ ಅದನ್ನೂ ಕೇಳಬೇಕು.