ಆಟದ ಫೋಟೋ ಬ್ಲರ್ ಆಗ್ತಿದ್ಯಾ? ಐಎಸ್‌ಒ ಏರಿಸೋಕೆ ಹೆದರಬೇಡಿ

ಮಂಗಳೂರು: ಕಟೀಲು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾದ ಮನೆಗಳಿವೆ. ಕೊನೆಗೂ ಗದ್ದೆಯಲ್ಲಿ ರಂಗಸ್ಥಳ ಏಳುತ್ತೆ, ನೆಂಟರೆಲ್ಲ ಸೇರ್ತಾರೆ. ಫೋಟೋ ಜವಾಬ್ದಾರಿ ಕ್ಯಾಮೆರಾ ಇರೋ ಹುಡುಗನ ತಲೆಗೆ. ಮರುದಿನ ನೋಡಿದ್ರೆ ದೊಂದಿ ಹಿಡ್ಕೊಂಡು ಜನರ ಮಧ್ಯದಿಂದ ಬಂದ ಮಹಿಷಾಸುರ ಬರೀ ಕೆಂಪು ಗೀಟು! ಆ ಪ್ರವೇಶ ಮತ್ತೆ ಸಿಗೋದಿಲ್ಲ.

ಹೆಚ್ಚಿನ ಸಲ ಇದು ಕ್ಯಾಮೆರಾದ ತಪ್ಪಲ್ಲ. ‘ಐಎಸ್‌ಒ ಜಾಸ್ತಿ ಮಾಡಿದ್ರೆ ಫೋಟೋ ಹಾಳು’ ಅಂತ ಯಾರೋ ಹೇಳಿದ್ದನ್ನು ನಂಬಿ 400ರಲ್ಲೇ ಇಟ್ಟಿರ್ತಾರೆ. ಬೆಳಕು ಸಾಲದೆ ಕ್ಯಾಮೆರಾ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತೆ, ಅಷ್ಟರಲ್ಲಿ ವೇಷ ಸರಿದಿರುತ್ತೆ.

ಐಎಸ್‌ಒ ಅಂದ್ರೆ ಮೈಕ್ ಸೆಟ್‌ನ ವಾಲ್ಯೂಮ್ ಇದ್ದಂಗೆ. ಏರಿಸಿದ್ರೆ ಭಾಗವತರ ಸ್ವರವೂ ಕೇಳುತ್ತೆ, ಗುಂಯ್ ಅನ್ನೋ ಸದ್ದೂ ಕೇಳುತ್ತೆ. ಫೋಟೋದಲ್ಲಿ ಆ ಸದ್ದೇ ಕಾಳು ಕಾಳಾಗಿ ಕಾಣೋದು. ಕಾಳನ್ನು ಕಂಪ್ಯೂಟರ್‌ನಲ್ಲಿ ಬಹಳಷ್ಟು ಕಡಿಮೆ ಮಾಡಬಹುದು. ಅಲುಗಾಡಿದ ಮುಖವನ್ನು ಸರಿ ಮಾಡೋದು ಆಗದ ಮಾತು.

ಹಾಗಾಗಿ ಮೊದಲು ಲೆನ್ಸಿನ ಅಪರ್ಚರ್ ಪೂರ್ತಿ ತೆರೆಯಿರಿ. ಆಮೇಲೆ ಶಟರ್ ನಿರ್ಧರಿಸಿ. ಐಎಸ್‌ಒ ಕೊನೆಗೆ. ಲೆಕ್ಕ ಸುಲಭ: 400ರಲ್ಲಿ 1/30 ಸೆಕೆಂಡ್ ಬೇಕಾದಲ್ಲಿ 800ಕ್ಕೆ 1/60, 1600ಕ್ಕೆ 1/125, 3200ಕ್ಕೆ 1/250 ಸಾಕು. ಅರ್ಥ ಹೇಳ್ತಾ ನಿಂತ ವೇಷಕ್ಕೆ 1/125 ನಡೆಯುತ್ತೆ. ದಿಗಿಣ ಹಾರುವಾಗ 1/500 ಬೇಕು, ಅಂದ್ರೆ 6400. ಹೆದರದೆ ಇಡಿ. ಕಡಿಮೆ ಐಎಸ್‌ಒದಲ್ಲಿ ಕತ್ತಲೆಯಾಗಿ ತೆಗೆದು ಆಮೇಲೆ ಬೆಳಗಿಸಿದ್ರೆ ಕಾಳು ಇನ್ನೂ ಜಾಸ್ತಿ ಎದ್ದು ಕಾಣುತ್ತೆ, ಜೆಪಿಇಜಿ ಫೈಲ್‌ನಲ್ಲಂತೂ ಕೇಳೋದೇ ಬೇಡ.

ಫ್ಲ್ಯಾಶ್ ಬೇಡ್ವೇ ಬೇಡ. ಕಲಾವಿದರ ಕಣ್ಣಿಗೆ ಹೊಡೆಯುತ್ತೆ, ದೊಂದಿಯ ಬಣ್ಣವೂ ಹೋಗುತ್ತೆ. ಕೆಲವು ಎಲ್‌ಇಡಿ ಲೈಟಿನಡಿ ಫೋಟೋದಲ್ಲಿ ಅಡ್ಡ ಪಟ್ಟೆ ಬರುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಅಲ್ಲಿ ಶಟರ್ 1/100ಕ್ಕೆ ಇಳಿಸಿ, ಜೊತೆಗೆ ಐಎಸ್‌ಒ ಕೂಡ ಇಳಿಸಿ, ವೇಷ ಒಂದು ಕ್ಷಣ ನಿಲ್ಲುವಾಗ ಕ್ಲಿಕ್ಕಿಸಿ.

ಇದನ್ನೆಲ್ಲ ಮಹಿಷಾಸುರ ಬರುವಾಗ ಹುಡುಕ್ತಾ ಕೂರಬೇಡಿ. ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುವಾಗಲೇ ನಾಲ್ಕು ಫೋಟೋ ತೆಗೆದು, ಸ್ಕ್ರೀನಲ್ಲಿ ದೊಡ್ಡದು ಮಾಡಿ ಮುಖ ನೋಡ್ಕೊಳ್ಳಿ.