ಸುಂಟರಗಾಳಿ: ಎಷ್ಟು ಬಾರಿ? ಎಷ್ಟು ಹೊತ್ತು?

ಏಪ್ರಿಲ್-ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಕಾರ್ಮೋಡ ಕವಿದು, ಗಾಳಿ ಎದ್ದು, ಗೊನೆ ಬಿಟ್ಟ ಬಾಳೆಯ ತೋಟ ನೋಡನೋಡುತ್ತಿದ್ದಂತೆ ನೆಲ ಹಿಡಿಯುವುದು ನಮ್ಮ ರೈತರಿಗೆ ಹೊಸದಲ್ಲ. ಮಾರನೆಯ ದಿನ ಎಲ್ಲರೂ "ಸುಂಟರಗಾಳಿ ಬಂತು" ಎನ್ನುತ್ತಾರೆ. ಆದರೆ ಹವಾಮಾನ ಶಾಸ್ತ್ರದಲ್ಲಿ ಟಾರ್ನೆಡೊ ಎಂದು ಕರೆಯುವ ನಿಜವಾದ ಸುಂಟರಗಾಳಿಯೇ ಬೇರೆ. ಅದು ಎಲ್ಲಿ, ಎಷ್ಟು ಬಾರಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ತಿಳಿದುಕೊಂಡರೆ ನಾವು ಯಾವುದಕ್ಕೆ ಸಿದ್ಧರಾಗಿರಬೇಕು ಎಂಬುದು ಸ್ಪಷ್ಟವಾಗುತ್ತದೆ.

ಒಂದೇ ಹೆಸರು, ಮೂರು ಗಾಳಿ

ನಾವು ಸುಂಟರಗಾಳಿ ಎನ್ನುವುದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಧೂಳಿನ ಸುಳಿ. ಮೋಡವಿಲ್ಲದ ಸುಡುಬಿಸಿಲಿನಲ್ಲಿ, ಕಾದ ನೆಲದಿಂದ ಮೇಲೇಳುವ ಗಾಳಿ ತರಗೆಲೆ, ಧೂಳುಗಳನ್ನು ಸುತ್ತಿಸುತ್ತದೆ. ಕೆಲವು ನಿಮಿಷಗಳಲ್ಲಿ ತಾನಾಗಿಯೇ ಅಡಗುತ್ತದೆ. ಇದರಿಂದ ಸಾಮಾನ್ಯವಾಗಿ ಹೆಚ್ಚಿನ ಹಾನಿಯಿಲ್ಲ.

ಎರಡನೆಯದು ಗುಡುಗುಮಳೆಯ ಬಿರುಗಾಳಿ. ಮೋಡದೊಳಗೆ ಮಳೆಯೊಡನೆ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಸುರಿದು, ನೆಲಕ್ಕೆ ಬಡಿದು ಮುಂದಕ್ಕೆ ನುಗ್ಗುತ್ತದೆ. ಇದು ಸುತ್ತುವ ಗಾಳಿಯಲ್ಲ, ನೇರವಾಗಿ ಬೀಸುವ ಗಾಳಿ. ಕರ್ನಾಟಕದಲ್ಲಿ ಮುಂಗಾರಿಗೆ ಮೊದಲು ತೋಟಗಳನ್ನು ಕೆಡಹುವುದು ಬಹುಮಟ್ಟಿಗೆ ಇದೇ.

ಮೂರನೆಯದು ಟಾರ್ನೆಡೊ. ಇದು ದೊಡ್ಡ ಗುಡುಗುಮೋಡದ ಅಡಿಯಿಂದ ಆನೆಯ ಸೊಂಡಿಲಿನಂತೆ ಇಳಿದು ನೆಲ ಮುಟ್ಟುವ, ಅತಿ ವೇಗವಾಗಿ ಸುತ್ತುವ ಗಾಳಿಯ ಕಂಬ. ಸಮುದ್ರದಲ್ಲಿ ಹುಟ್ಟುವ ಚಂಡಮಾರುತಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು. ಚಂಡಮಾರುತದ ವಿಸ್ತಾರ ನೂರಾರು ಕಿಲೋಮೀಟರು, ಆಯುಷ್ಯ ಹಲವು ದಿನ. ಟಾರ್ನೆಡೊದ ಅಗಲ ಸಾಮಾನ್ಯವಾಗಿ ಹತ್ತಾರರಿಂದ ನೂರಾರು ಮೀಟರು, ಆಯುಷ್ಯ ಕೆಲವು ನಿಮಿಷ.

ಎಷ್ಟು ಬಾರಿ ಬರುತ್ತದೆ?

ಜಗತ್ತಿನಲ್ಲಿ ಅತಿ ಹೆಚ್ಚು ಟಾರ್ನೆಡೊಗಳು ದಾಖಲಾಗುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1,200 ಬರುತ್ತವೆ. ಏಪ್ರಿಲ್‌ನಿಂದ ಜೂನ್‌ವರೆಗೆ, ಅದರಲ್ಲೂ ಮೇ ತಿಂಗಳಲ್ಲಿ ಹೆಚ್ಚು. 1974ರ ಏಪ್ರಿಲ್ 3 ಮತ್ತು 4ರಂದು 24 ಗಂಟೆಗಳೊಳಗೆ 13 ರಾಜ್ಯಗಳಲ್ಲಿ 148 ಟಾರ್ನೆಡೊಗಳು ಎದ್ದವು.

ನಮ್ಮ ಉಪಖಂಡದಲ್ಲಿ ಇವು ಹೆಚ್ಚಾಗಿ ಕಾಣುವುದು ಬಾಂಗ್ಲಾದೇಶ ಮತ್ತು ಅದಕ್ಕೆ ಹೊಂದಿದ ಪೂರ್ವ ಭಾರತದಲ್ಲಿ, ಮಾರ್ಚ್‌ನಿಂದ ಮೇವರೆಗೆ. ಸಂಖ್ಯೆ ಅಮೆರಿಕಕ್ಕಿಂತ ಬಹಳ ಕಡಿಮೆಯಾದರೂ ಪ್ರಾಣಹಾನಿ ದೊಡ್ಡದು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ ಮತ್ತು ಸಟೂರಿಯಾ ಪ್ರದೇಶವನ್ನು ಹಾದುಹೋದ ಒಂದೇ ಟಾರ್ನೆಡೊದಿಂದ ಸುಮಾರು 1,300 ಜನ ಸತ್ತರು. ಜಗತ್ತಿನಲ್ಲಿ ದಾಖಲಾದವುಗಳಲ್ಲಿ ಇದೇ ಅತ್ಯಂತ ಘೋರವಾದದ್ದು. ಭದ್ರವಿಲ್ಲದ ತಗಡಿನ ಮನೆಗಳು ಮತ್ತು ದಟ್ಟವಾದ ಜನವಸತಿ ಇಂಥ ಸಾವುನೋವಿಗೆ ಮುಖ್ಯ ಕಾರಣಗಳು.

ಟಾರ್ನೆಡೊ ಹುಟ್ಟಲು ಮೂರು ಅಂಶಗಳು ಕೂಡಿಬರಬೇಕು. ನೆಲದ ಬಳಿ ಬೆಚ್ಚನೆಯ ತೇವದ ಗಾಳಿ, ಅದರ ಮೇಲೆ ತಣ್ಣನೆಯ ಒಣಗಾಳಿ, ಮತ್ತು ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು ಮತ್ತು ವೇಗ ಬಲವಾಗಿ ಬದಲಾಗುವುದು. ಈ ಮೂರನೆಯ ಅಂಶವೇ ಮೋಡವನ್ನು ಸುತ್ತುವಂತೆ ಮಾಡುತ್ತದೆ. ಕರ್ನಾಟಕದ ಬೇಸಗೆಯಲ್ಲಿ ಸೆಕೆ, ತೇವ ಎರಡೂ ಇದ್ದರೂ ಮೂರನೆಯದು ಸಾಮಾನ್ಯವಾಗಿ ದುರ್ಬಲ. ಆದ್ದರಿಂದ ನಮ್ಮಲ್ಲಿ ಗುಡುಗುಮಳೆ ಹೆಚ್ಚು, ಟಾರ್ನೆಡೊ ಅಪರೂಪ.

ಎಷ್ಟು ಹೊತ್ತು ಇರುತ್ತದೆ?

ಬಹುಪಾಲು ಟಾರ್ನೆಡೊಗಳು ಹತ್ತು ನಿಮಿಷ ತುಂಬುವ ಮೊದಲೇ ಅಡಗುತ್ತವೆ. 1978ರ ಮಾರ್ಚ್ 17ರಂದು ದೆಹಲಿಗೆ ಬಡಿದದ್ದು ಕೆಲವೇ ನಿಮಿಷಗಳದ್ದು. ಅಷ್ಟರಲ್ಲೇ 28 ಜನ ಸತ್ತರು. ಒಂದು ಗಂಟೆ ಮೀರಿ ನಿಲ್ಲುವುದು ಬಹು ವಿರಳ. ಅಂಥದಕ್ಕೆ ದೊಡ್ಡ ಉದಾಹರಣೆ 1925ರ ಮಾರ್ಚ್ 18ರಂದು ಅಮೆರಿಕದ ಮಿಸ್ಸೌರಿ, ಇಲಿನಾಯ್, ಇಂಡಿಯಾನಾ ರಾಜ್ಯಗಳಲ್ಲಿ ಬೀಸಿದ್ದು. ಅದು ಸುಮಾರು ಮೂರೂವರೆ ಗಂಟೆಯಲ್ಲಿ 350 ಕಿ.ಮೀ. ಸಾಗಿ 695 ಜನರನ್ನು ಬಲಿ ತೆಗೆದುಕೊಂಡಿತು.

ಈ ಲೆಕ್ಕವನ್ನು ನಮ್ಮ ಹೊಲದ ಅಳತೆಯಲ್ಲಿ ನೋಡೋಣ. ಒಂದು ಟಾರ್ನೆಡೊ 100 ಮೀಟರು ಅಗಲವಿದ್ದು, ಗಂಟೆಗೆ 50 ಕಿ.ಮೀ. ವೇಗದಲ್ಲಿ 5 ಕಿ.ಮೀ. ಸಾಗಿತೆಂದು ಇಟ್ಟುಕೊಳ್ಳಿ. ಅದರ ಇಡೀ ಆಯುಷ್ಯ ಆರು ನಿಮಿಷ. ಅದು ತುಳಿಯುವ ಭೂಮಿ ಸುಮಾರು 125 ಎಕರೆ. ಆದರೆ ಯಾವುದೇ ಒಂದು ಜಾಗವನ್ನು ದಾಟಲು ಅದಕ್ಕೆ ಏಳೆಂಟು ಸೆಕೆಂಡು ಸಾಕು. ಒಬ್ಬನ ಮನೆ ನೆಲಸಮವಾಗಿ, ನೂರು ಮಾರು ಆಚೆಯ ಹುಲ್ಲಿನ ಬಣವೆ ಹಾಗೆಯೇ ಉಳಿಯುವುದು ಇದರಿಂದಲೇ. ಗಾಳಿ ಕಂಡ ಮೇಲೆ ಏನಾದರೂ ಕಟ್ಟಿ ಭದ್ರಪಡಿಸುತ್ತೇವೆ ಎಂದರೆ ಆಗದು. ರಾಡಾರ್ ಜಾಲವಿರುವ ಅಮೆರಿಕದಲ್ಲೂ ಮುನ್ನೆಚ್ಚರಿಕೆ ಸಿಗುವುದು ಸರಾಸರಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮಾತ್ರ.

ಬಿದ್ದ ಗಿಡ ಹೇಳುವ ಸಾಕ್ಷಿ

ಗಾಳಿ ಯಾವ ಬಗೆಯದೆಂದು ಹಾನಿಯ ನಂತರವೂ ಅಂದಾಜು ಮಾಡಬಹುದು. ಗಿಡಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ, ಅಥವಾ ಒಂದು ಕಡೆಯಿಂದ ಬೀಸಣಿಗೆಯಂತೆ ಹರಡಿ ಬಿದ್ದಿದ್ದರೆ ಅದು ಬಿರುಗಾಳಿ. ಕಿರಿದಾದ ಪಟ್ಟಿಯೊಂದರಲ್ಲಿ ಮಾತ್ರ ಬಿದ್ದು, ಎರಡು ಬದಿಯ ಗಿಡಗಳು ನಡುವಿನತ್ತ ತಿರುಗಿದ್ದರೆ ಸುತ್ತುವ ಗಾಳಿ ಇದ್ದಿರಬಹುದು. ಷಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನಿ ಫುಜಿತಾ ಅವರು ವಿಮಾನದಿಂದ ಇಂಥ ಗುರುತುಗಳನ್ನು ಪರಿಶೀಲಿಸಿ ಎರಡರ ವ್ಯತ್ಯಾಸವನ್ನು ತೋರಿಸಿದರು. ಹಾನಿಯ ಆಧಾರದಿಂದ ಟಾರ್ನೆಡೊದ ಬಲವನ್ನು ಅಳೆಯುವ ಕ್ರಮವನ್ನು 1971ರಲ್ಲಿ ರೂಪಿಸಿದವರೂ ಅವರೇ. ವಿಸ್ತರಣಾ ಕಾರ್ಯಕರ್ತರು ಹಾನಿ ಪರಿಶೀಲನೆಗೆ ಹೋದಾಗ ಗಾಳಿ ಬಂದ ವೇಳೆ, ಎಷ್ಟು ಹೊತ್ತು ಇತ್ತು, ಪಟ್ಟಿಯ ಅಗಲ, ಗಿಡ ಬಿದ್ದ ದಿಕ್ಕು ಇವುಗಳನ್ನು ಬರೆದುಕೊಂಡು ಛಾಯಾಚಿತ್ರ ತೆಗೆದಿಡುವುದು ಉತ್ತಮ. ಯಾರೂ ಬರೆದಿಡದ ಗಾಳಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ಗಾಳಿಯ ಕಾಲಕ್ಕೆ ಮೊದಲೇ, ಅಂದರೆ ಮಾರ್ಚ್ ತಿಂಗಳೊಳಗೆ, ಮನೆ ಮತ್ತು ಕೊಟ್ಟಿಗೆಯ ತಗಡುಗಳನ್ನು ಕೊಕ್ಕೆ ಬೋಲ್ಟಿನಿಂದ ತೊಲೆಗೆ ಬಿಗಿಯಬೇಕು. ತಗಡಿನ ಮೇಲೆ ಬರೀ ಕಲ್ಲು ಹೇರುವುದು ಅಪಾಯ. ತಗಡಿನೊಡನೆ ಕಲ್ಲೂ ಬೀಳುತ್ತದೆ.

2. ಗೊನೆ ಬಿಟ್ಟ ಬಾಳೆಗೆ ಬಿದಿರಿನ ಆಸರೆ ಕೊಡಬೇಕು. ಗಾಳಿ ಬರುವ ಕಡೆ ಸರ್ವೆ, ಸಿಲ್ವರ್ ಓಕ್ ಮುಂತಾದ ಮರಗಳ ಸಾಲು ಬೆಳೆಸಬೇಕು. ಇವು ಬಿರುಗಾಳಿಯ ಹೊಡೆತವನ್ನು ಕಡಿಮೆ ಮಾಡುತ್ತವೆ. ಟಾರ್ನೆಡೊ ಎದುರು ನಿಲ್ಲಲಾರವು.

3. ಗುಡುಗು ಕೇಳಿದ ಕೂಡಲೇ ಹೊಲ ಬಿಟ್ಟು ಗಟ್ಟಿಯಾದ ಕಟ್ಟಡ ಸೇರಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು, ದನಗಳನ್ನು ಕಟ್ಟಲೂ ಬಾರದು. ನಮ್ಮಲ್ಲಿ ಟಾರ್ನೆಡೊಗಿಂತ ಸಿಡಿಲಿನ ಭಯವೇ ಹೆಚ್ಚು.

4. ಸೊಂಡಿಲಿನಂಥ ಸುಳಿ ಕಂಡರೆ ಮನೆಯ ಒಳಗಿನ ಚಿಕ್ಕ ಕೋಣೆಯಲ್ಲಿ, ಕಿಟಕಿಯಿಂದ ದೂರ, ತಲೆ ಮುಚ್ಚಿಕೊಂಡು ಕುಳಿತುಕೊಳ್ಳಬೇಕು. ಬಯಲಿನಲ್ಲಿದ್ದು ಬೇರೆ ದಾರಿಯಿಲ್ಲದಿದ್ದರೆ ಮರಗಳಿಂದ ದೂರವಿರುವ ತಗ್ಗಿನಲ್ಲಿ ಬೋರಲಾಗಿ ಮಲಗಬೇಕು. ಒತ್ತಡ ಸಮವಾಗಲೆಂದು ಕಿಟಕಿಗಳನ್ನು ತೆರೆದಿಡಬೇಕೆಂಬ ಹಳೆಯ ಸಲಹೆ ತಪ್ಪೆಂದು ತಿಳಿದುಬಂದಿದೆ.

5. ಹವಾಮಾನ ಇಲಾಖೆಯವರು ಮುಂದಿನ ಮೂರು ಗಂಟೆಗಳಿಗೆ ಕೊಡುವ ಗುಡುಗುಮಳೆಯ ಎಚ್ಚರಿಕೆಯನ್ನೂ, ಸಿಡಿಲಿನ ಸೂಚನೆ ಕೊಡುವ 'ದಾಮಿನಿ' ಎಂಬ ಮೊಬೈಲ್ ಸೌಲಭ್ಯವನ್ನೂ ಬಳಸಿಕೊಳ್ಳಬೇಕು.

6. ಗಾಳಿ ನಿಂತ ಮೇಲೆ ಕಡಿದು ಬಿದ್ದ ವಿದ್ಯುತ್ ತಂತಿಯ ಹತ್ತಿರ ಹೋಗಬಾರದು.

ನಿಜವಾದ ಸುಂಟರಗಾಳಿ ನಮ್ಮ ಊರಿಗೆ ಒಂದು ತಲೆಮಾರಿನಲ್ಲಿ ಒಮ್ಮೆಯೂ ಬಾರದೆ ಇರಬಹುದು. ಬಿರುಗಾಳಿ ಮತ್ತು ಸಿಡಿಲು ಮಾತ್ರ ಪ್ರತಿ ವರ್ಷ ಬರುತ್ತವೆ. ಎರಡಕ್ಕೂ ನಮಗೆ ಸಿಗುವ ಕಾಲಾವಕಾಶ ಕೆಲವು ನಿಮಿಷ ಮಾತ್ರ. ಆದ್ದರಿಂದ ತಗಡು ಬಿಗಿಯುವ, ಆಸರೆ ಕೊಡುವ ಕೆಲಸಗಳನ್ನು ಆಕಾಶ ತಿಳಿಯಾಗಿರುವಾಗಲೇ ಮುಗಿಸಿಕೊಳ್ಳುವುದು ಕ್ಷೇಮಕರ.